ನಾರು ಸೇರಿಸಿದ ತಾರಸಿ

ನನ್ನ ಜಗಲಿಯ ಮೂಲೆಯಲ್ಲಿ ಒಂದು ಕಾಂಕ್ರೀಟಿನ ತುಂಡು ಇದೆ. ಒಡೆದ ಬದಿಯಿಂದ ತೆಂಗಿನ ನಾರು ಹೊರಗೆ ಇಣುಕುತ್ತದೆ. ಮನೆಗೆ ಬಂದವರು "ಇದೆಂತ, ಇದರೊಳಗೆ ಇಲಿ ಗೂಡು ಕಟ್ಟಿದ್ದಾ?" ಎಂದು ನಗುತ್ತಾರೆ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಓವರ್ಸಿಯರ್ ಮಾವ ಕಣ್ಣೆದುರು ಬರುತ್ತಾರೆ.

ಅವರು ನಮ್ಮ ನೆರೆಮನೆಯವರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ನಮ್ಮೂರು ಪೆರಾಬೆಗೆ ಬಂದು ಕೂತಿದ್ದರು. ಕೂತಿದ್ದರು ಎಂದರೆ ತಪ್ಪಾದೀತು, ಆ ಮನುಷ್ಯ ಒಂದು ಕಡೆ ಕೂತದ್ದೇ ಅಪರೂಪ. ಸುಳ್ಯದಿಂದ ಕಡಬದವರೆಗೆ ಯಾವ ಮೋರಿ ಕಂಡರೂ "ಅದು ನಾನು ಹಾಕಿಸಿದ್ದು" ಎನ್ನುವುದು ಅವರ ಚಾಳಿ. ಅರ್ಧವಾದರೂ ನಿಜ ಇದ್ದೀತು…

ಅದು ಎಪ್ಪತ್ತರ ದಶಕದ ಕೊನೆ. ನಾನು ಮಹಿಳಾ ಮಂಡಲದ ಕಾರ್ಯದರ್ಶಿ. ಬಾಲವಾಡಿಗೆಂದು ಒಂದು ಕೋಣೆ ಕಟ್ಟಲು ಹೊರಟಿದ್ದೆವು. ಗೋಡೆ ಎದ್ದಿತು, ತಾರಸಿಗೆ ಸಿಮೆಂಟು ಸಾಲಲಿಲ್ಲ. ಆಗೆಲ್ಲ ಸಿಮೆಂಟಿಗೆ ಪರ್ಮಿಟ್ ಬೇಕು, ಪರ್ಮಿಟ್ ಇದ್ದರೂ ಕೇಳಿದಷ್ಟು ಸಿಗದು. ಮಳೆಗಾಲದೊಳಗೆ ಕೋಣೆಗೆ ಮಾಡು ಹೊದಿಸದಿದ್ದರೆ ನಮಗೆ ಮಂಜೂರಾದ ಬಾಲವಾಡಿ ಬೇರೆ ಊರಿನ ಪಾಲಾಗುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ.

"ಕಬ್ಬಿಣದಲ್ಲಿ ಚೂರೂ ಕಡಿಮೆ ಮಾಡ್ಲಿಕ್ಕಿಲ್ಲ," ಎಂದರು ಮಾವ. "ಸಿಮೆಂಟಿಗೆ ಸ್ವಲ್ಪ ಉಮಿ ಬೂದಿ ಸೇರಿಸುವ. ಬಿರುಕು ಬಾರದ ಹಾಗೆ ನಾರು ಹಾಕುವ. ನಾನು ಉಂಟಲ್ಲ ಮಗಾ!"

ಮೊದಲು ಪರೀಕ್ಷೆಗೆಂದು ತಮ್ಮ ಅಂಗಳದಲ್ಲೇ ಬಟ್ಟೆ ಒಗೆಯಲು ಒಂದು ಚಪ್ಪಡಿ ಎರೆದರು. ಅಡಿಕೆ ಬೆಳೆಯುವ ಊರಲ್ಲಿ ನಾರಿಗೇನು ಬರ ಎಂದು ಹಸಿ ಅಡಿಕೆ ಸಿಪ್ಪೆಯದ್ದನ್ನೇ ಹಾಕಿದರು. ವಾರ ಕಳೆದು ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, ಅದರ ಮೇಲೆ ಬಟ್ಟೆ ಒಗೆದರೆ ಬಿಳಿ ಪಂಚೆಗೆಲ್ಲ ಚೊಗರಿನ ಕಂದು ಕಲೆ! ಚಪ್ಪಡಿಯನ್ನು ಉಗುರಿನಿಂದ ಗೀರಿದರೆ ಪುಡಿ ಉದುರುತ್ತಿತ್ತು.

"ನಿಮ್ಮ ಸಂಶೋಧನೆಯನ್ನು ನೀವೇ ಉಟ್ಕೊಳ್ಳಿ," ಎಂದು ಅತ್ತೆ ಪಂಚೆಯನ್ನು ಅವರ ಹೆಗಲಿಗೆ ಎಸೆದರು.

ಮಾವ ಆ ಕಲೆಯನ್ನೇ ನೋಡುತ್ತಾ ನಿಂತರು. ಆಮೇಲೆ ದೊಡ್ಡದಾಗಿ ನಕ್ಕರು. ಸಿಪ್ಪೆಯಿಂದ ಇಳಿದ ಆ ಚೊಗರು ರಸವೇ ಸಿಮೆಂಟನ್ನು ಗಟ್ಟಿಯಾಗಲು ಬಿಡಲಿಲ್ಲ ಎಂದು ಅವರಿಗೆ ಹೊಳೆದಿತ್ತು. ಮರುದಿನದಿಂದ ಮಂಡಲದ ಹೆಂಗಸರೆಲ್ಲ ಹರಿಯುವ ನೀರಿನ ತೋಡಿಗಿಳಿದೆವು. ತೆಂಗಿನ ನಾರನ್ನು ನೆನೆಸಿ, ಬಡಿದು, ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ, ಬೆರಳುದ್ದ ಕತ್ತರಿಸಿದೆವು. ಕಡಬದ ಅಕ್ಕಿ ಮಿಲ್ಲಿನ ಬೂದಿಯಲ್ಲಿ ಕಪ್ಪಾದದ್ದನ್ನು ಬಿಟ್ಟು, ಉಳಿದದ್ದನ್ನು ಕುಟ್ಟಿ ಹಳೆ ಸೀರೆಯಲ್ಲಿ ಸೋಸಿದೆವು. ಹೊಸ ಚಪ್ಪಡಿ ಎರೆದು, ಒದ್ದೆ ಗೋಣಿ ಹೊದಿಸಿ ಕಾದೆವು. ಈ ಸಲ ಸುತ್ತಿಗೆಯಿಂದ ಬಡಿದರೂ ಅದು ಜಗ್ಗಲಿಲ್ಲ. ಆ ಮೇಲೆಯೇ ತಾರಸಿ ಎರೆದದ್ದು.

ಆದರೆ ಊರ ಬಾಯಿ ಮುಚ್ಚೀತೇ? "ಬೂದಿಯ ಮಾಡಿನ ಅಡಿಯಲ್ಲಿ ಮಕ್ಕಳನ್ನು ಕೂರಿಸುದಾ ಮಾರಾಯ್ರೆ?" ಎಂದು ಕೇಳುವವರೇ ಎಲ್ಲ. ಮಕ್ಕಳೇ ಬಾರದಿದ್ದರೆ ತಾರಸಿ ಯಾರಿಗೆ? ಅಡಿಯ ಆಧಾರದ ಮರಗಳನ್ನು ತೆಗೆಯುವ ದಿನ ಊರಿಗೆ ಊರೇ ನೋಡಲು ಬಂದಿತ್ತು. ಕೊನೆಯ ಸಾಲು ಬಿಚ್ಚುವಾಗ ಮಾವ ಒಂದು ಕುರ್ಚಿ ತಂದು ಕೋಣೆಯ ನಟ್ಟನಡುವೆ ಹಾಕಿ ಕೂತರು. ಎಂದೂ ಕೂರದ ಮನುಷ್ಯ! ಅಷ್ಟರಲ್ಲಿ ಅತ್ತೆ ಎರಡು ಲೋಟ ಕಾಫಿ ಹಿಡಿದು ಒಳಗೆ ಹೋಗಿ, ಅವರ ಪಕ್ಕ ನೆಲದಲ್ಲೇ ಕೂತುಬಿಟ್ಟರು. ನಾನೂ ಹೋಗಿ ಅವರ ಪಕ್ಕ ಕೂತೆ. ನಮ್ಮ ಹಿಂದೆಯೇ ಮಂಡಲದ ಹೆಂಗಸರೆಲ್ಲ ಒಳಗೆ ಬಂದರು. ಮರಗಳು ಒಂದೊಂದಾಗಿ ಬಿದ್ದವು. ತಾರಸಿ ಅಲುಗಲಿಲ್ಲ. ಆ ಹೊತ್ತಿನ ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬಾಲವಾಡಿ ನಮ್ಮಲ್ಲೇ ಉಳಿಯಿತು. ನನ್ನ ಇಬ್ಬರು ಮಕ್ಕಳೂ ಅಲ್ಲೇ ಅಕ್ಷರ ಕಲಿತರು.

ಮಾವ ಹೋದರು, ಅತ್ತೆಯೂ ಹೋದರು… ಮೊನ್ನೆ ರಸ್ತೆ ಅಗಲ ಮಾಡುವಾಗ ಆ ಕೋಣೆಯನ್ನೂ ಕೆಡವಿದರು. ನಾನು ಎದುರು ಬದಿಯಲ್ಲಿ ನಿಂತು ನೋಡಿದೆ. ಒಡೆದ ತುಂಡುಗಳೂ ಉದುರದೆ ನಾರು ಹಿಡಿದು ನೇತಾಡುತ್ತಿದ್ದವು. ಜೆಸಿಬಿಯ ಹುಡುಗ ಬೆವರು ಒರೆಸುತ್ತಾ ಇಳಿದು ಬಂದ.

"ಇದು ಯಾರು ಹಾಕಿದ್ದು ಅಮ್ಮಾ? ಬೀಳುದೇ ಇಲ್ಲ!"

ಮಾವ ಇದ್ದಿದ್ದರೆ ಈ ಒಂದು ಪ್ರಶ್ನೆಗಾಗಿ ಸುಳ್ಯದಿಂದ ನಡೆದಾದರೂ ಬರುತ್ತಿದ್ದರು.

"ನಾವು ಹಾಕಿದ್ದು," ಎಂದೆ.