ಕನ್ವಲ್ಯೂಷನ್ ಪಾಠದಲ್ಲಿ ಕಳೆದುಹೋದ ಟೌ

೧೯೮೧ನೇ ಇಸವಿ. ಮದ್ರಾಸಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಉಪನ್ಯಾಸಕಿಯಾಗಿ ಸೇರಿ ಹತ್ತು ತಿಂಗಳಾಗಿತ್ತು. ನಮ್ಮದು ತುಮಕೂರಿನ ಕಡೆಯ ಕುಟುಂಬ. ಅಪ್ಪ ರೈಲ್ವೆಯಲ್ಲಿದ್ದುದರಿಂದ ಅಲ್ಲೇ ತಿರುವೊಟ್ಟಿಯೂರಿನಲ್ಲಿ ಮನೆ. ಕೆಲಸ ಕಾಯಂ ಆಗಬೇಕಾದರೆ ವಿಭಾಗದ ಮುಖ್ಯಸ್ಥರಾದ ವರದರಾಜನ್ ಸರ್ ಒಂದು ದಿನ ತರಗತಿಯಲ್ಲಿ ಕೂತು ನನ್ನ ಪಾಠ ಕೇಳಿ ವರದಿ ಬರೆಯಬೇಕಿತ್ತು. ಅವರು ನಕ್ಕದ್ದನ್ನು ಕಂಡವರಿರಲಿಲ್ಲ.

ಅವರು ಬಂದ ದಿನವೇ ಕನ್ವಲ್ಯೂಷನ್ ಎಂಬ ಸಿಗ್ನಲ್ ಲೆಕ್ಕದ ಸಹವರ್ತನೀಯ ಗುಣದ ಪಾಠ. ಸಿಗ್ನಲ್ಲೊಂದನ್ನು ಎರಡು ಸಿಸ್ಟಂಗಳಲ್ಲಿ ಒಂದಾದ ಮೇಲೊಂದರಂತೆ ಹಾಯಿಸಿದರೂ, ಆ ಎರಡನ್ನೂ ಮೊದಲೇ ಸೇರಿಸಿ ಒಂದು ಮಾಡಿ ಅದರಲ್ಲಿ ಹಾಯಿಸಿದರೂ ಕೊನೆಗೆ ಸಿಗುವುದು ಒಂದೇ. ಹೇಳುವುದು ಸುಲಭ, ಸಾಧಿಸಿ ತೋರಿಸಲು ಬೋರ್ಡಿನ ತುಂಬ ಇಂಟಿಗ್ರಲ್ ಬರೆಯಬೇಕು.

ಬರೆದೆ. ಎಡಗಡೆ ಬಂದದ್ದು ಒಂದು ಉತ್ತರ, ಬಲಗಡೆ ಇನ್ನೊಂದು. ಹುಡುಗರೆಲ್ಲ ಪೆನ್ನು ಹಿಡಿದು ಕಾಯುತ್ತಿದ್ದರು. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯದಲ್ಲಿ ಬೋರ್ಡಿಗೆ ಮುಖ ಮಾಡಿ ಗೊಣಗಿದೆ: "ಅಯ್ಯೋ, ಎಲ್ಲಿ ತಪ್ಪಿದೆ ಇದು? ಆ ಗೂಬೆ ಬೇರೆ ಕಣ್ಣು ಮಿಟುಕಿಸದೆ ನೋಡ್ತಾ ಕೂತಿದೆ."

ಮೊದಲ ಬೆಂಚಿನಿಂದ ವರದರಾಜನ್ ಸರ್ ಧ್ವನಿ ಬಂತು. ಕನ್ನಡದಲ್ಲಿ. "ಮೂರನೇ ಲೈನ್ ನೋಡಮ್ಮ. ಟೌ ಬರಬೇಕಾದ ಕಡೆ ಟಿ ಬರ್ದಿದೀಯ. ಗೂಬೆಗೆ ಆಗ್ಲೇ ಕಾಣಿಸ್ತು."

ಟಿ ಅಳಿಸಿ, ಹೆಚ್ಚುಕಡಿಮೆ ಅದರಂತೆಯೇ ಕಾಣುವ ಗ್ರೀಕ್ ಅಕ್ಷರ ಟೌ ಬರೆದು ಹೇಗೋ ತಿದ್ದಿದೆ. ಎರಡೂ ಕಡೆ ಸರಿಹೋಯಿತು. "ಎನ್ನ ಸಾರ್ ಸೊನ್ನೀಂಗ?" ಎಂದು ಒಬ್ಬ ಹುಡುಗ ಏನು ಹೇಳಿದಿರೆಂದು ಕೇಳಿಯೇಬಿಟ್ಟ. ಸರ್ ತಮಿಳಿನಲ್ಲಿ ಗದರಿದರು: ನೀವು ಕಂಡುಹಿಡಿಯುತ್ತೀರೋ ಇಲ್ಲವೋ ನೋಡಲೆಂದೇ ಮೇಡಂ ತಪ್ಪು ಬರೆದರು, ಒಬ್ಬನಿಗೂ ಗೊತ್ತಾಗಲಿಲ್ಲವಲ್ಲ. ಪಾಪ, ಹುಡುಗರು ತಲೆ ತಗ್ಗಿಸಿದರು.

ಕ್ಲಾಸು ಮುಗಿದ ಮೇಲೆ ಅವರ ಕೋಣೆಗೆ ಹೋಗಿ, "ತಪ್ಪಾಯ್ತು ಸರ್" ಎಂದೆ.

"ನಮ್ಮಮ್ಮ ಕೊಳ್ಳೇಗಾಲದೋರು," ಎಂದರು. "ಅವರು ಹೋದ ಮೇಲೆ ನನ್ನನ್ನ ಕನ್ನಡದಲ್ಲಿ ಬೈಯೋರೇ ಇರ್ಲಿಲ್ಲ. ಕೂತ್ಕೊ, ಕಾಫಿ ಬರುತ್ತೆ."

ವರದಿಯಲ್ಲಿ ಎರಡೇ ವಾಕ್ಯ ಬರೆದಿದ್ದರು: ಪಾಠ ಚೆನ್ನಾಗಿದೆ. ಧ್ವನಿ ಮೊದಲ ಬೆಂಚಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕೆಲಸ ಕಾಯಂ ಆಯಿತು.

ಮುಂದೆ ಎಷ್ಟೋ ಹೊಸಬರ ಪಾಠ ಕೇಳಲು ನಾನೇ ಬೆಂಚಿನಲ್ಲಿ ಕೂತೆ. ಯಾರಾದರೂ ಸಿಕ್ಕಿಹಾಕಿಕೊಂಡರೆ, ಹುಡುಗರೆದುರು ಅವರ ಮಾನ ಉಳಿಸಿ ತಿದ್ದುವುದು ಹೇಗೆಂದು ತಡಕಾಡುತ್ತಿದ್ದೆ. ವರದರಾಜನ್ ಸರ್‌ಗೆ ಅದು ಅರೆಕ್ಷಣದಲ್ಲಿ ಹೊಳೆದಿತ್ತು. ನನಗೆ ಒಮ್ಮೆಯೂ ಅಷ್ಟು ಬೇಗ ಹೊಳೆಯಲಿಲ್ಲ.