ಏಳನೆಯ ಹೆಸರು

ಅವನನ್ನು ಮೊದಲು ಗುರುತಿಸಿದ್ದು ನಾನಲ್ಲ, ನನ್ನ ರೂಮ್‌ಮೇಟ್. 2020ರ ಏಪ್ರಿಲ್ 14, ಮಂಗಳವಾರ. ಲಾಕ್‌ಡೌನ್ ಶುರುವಾಗಿ ತಿಂಗಳಾಗುತ್ತ ಬಂದಿತ್ತು. ಲಾಸ್ ಏಂಜಲಿಸ್ ಪಕ್ಕದ ಪಸಡೀನಾದಲ್ಲಿ, ನಮ್ಮ ಪುಟ್ಟ ಅಪಾರ್ಟ್‌ಮೆಂಟಿನ ಒಂದು ಮೂಲೆಯಲ್ಲಿ ಅವಳು ಕೂತು ಮಂಗಳ ಗ್ರಹದ ಕಲ್ಲುಗಳ ಫೋಟೊ ನೋಡುತ್ತಿದ್ದಳು. ಅದು ಅವಳ ಸಂಶೋಧನೆ. ಇನ್ನೊಂದು ಮೂಲೆಯಲ್ಲಿ ನಾನು ಕಪ್ಪು-ಬಿಳುಪಿನ ಹಾಲಿವುಡ್ ಸಿನಿಮಾ ನೋಡುತ್ತಿದ್ದೆ. ಅದು ನನ್ನ ಕೆಲಸ.

ಬಾಗಲಕೋಟೆಯ ಹುಡುಗಿ ಅವಳು. ಚಪಾತಿಯ ಸುರುಳಿ ಕಚ್ಚುತ್ತ ನನ್ನ ಹಿಂದಿನಿಂದ ಹಾದುಹೋಗುವಾಗ ನಿಂತಳು.

“ಏನ ಇದು, ಮತ್ತ ಬಂದಾನಲ್ಲ ಇವ!”

“ಯಾರು?”

“ಈ ಮುದುಕ. ಮೊನ್ನಿ ಜಡ್ಜ್ ಆಗಿದ್ದ. ಇವತ್ತ ನೋಡಿದ್ರ ಚಹಾದ ಟ್ರೇ ಹಿಡ್ಕೊಂಡು ನಿಂತಾನ. ಡಿಮೋಷನ್ ಆತೇನು, ಪಾಪ?”

ನೋಡಿದ್ದ ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ. ಅವಳು ಹೇಳಿದ್ದು ನಿಜ. ಅಷ್ಟೇ ಅಲ್ಲ, ಆ ತಿಂಗಳು ನಾನು ನೋಡಿ ಮುಗಿಸಿದ್ದ ಇನ್ನೂ ಮೂರು ಚಿತ್ರಗಳಲ್ಲಿ ಅವನಿದ್ದ. ಪ್ರೌಢಶಾಲೆಯಿಂದಲೂ ದಿನಾಂಕ ಹಾಕಿ ಡೈರಿ ಬರೆಯುವವಳು ನಾನು. ನೋಡಿದ ಸಿನಿಮಾ, ಹತ್ತಿದ ಬಸ್ಸು, ಬಂದ ಜ್ವರ ಎಲ್ಲಕ್ಕೂ ಲೆಕ್ಕ ಇಟ್ಟವಳು. ಐದು ಸಲ ಎದುರಿಗೆ ಬಂದ ಮನುಷ್ಯ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಇರದಿದ್ದುದಕ್ಕೆ ಒಂದು ಕಾರಣವಿತ್ತು. ಆಗ ನಾನು ಲಾಸ್ ಏಂಜಲಿಸ್‌ನಲ್ಲಿ ಹಳೆಯ ಚಲನಚಿತ್ರಗಳನ್ನು ಸಂರಕ್ಷಿಸುವ ವಿದ್ಯೆ ಕಲಿಯುತ್ತಿದ್ದೆ. ಜೊತೆಗೆ ವಿಶ್ವವಿದ್ಯಾಲಯದ್ದೇ ಚಿತ್ರಸಂಗ್ರಹದಲ್ಲಿ ಪಾರ್ಟ್ ಟೈಮ್ ಕೆಲಸ. ಮೂವತ್ತು, ನಲವತ್ತರ ದಶಕದ ಸಿನಿಮಾ ಪೂರ್ತಿ ನೋಡಿ, ಕ್ಯಾಟಲಾಗಿಗೆ ಅದರ ಹೆಸರು, ವರ್ಷ, ಹತ್ತು ಸಾಲಿನ ಕಥಾಸಾರ, ನಟರ ಹೆಸರು ಬರೆಯಬೇಕು. ನಟರಲ್ಲಿ ಮೊದಲ ಆರು ಹೆಸರು ಮಾತ್ರ. ಅದು ಅಲ್ಲಿಯ ನಿಯಮ. ಅವನ ಹೆಸರು ಪರದೆಯ ಮೇಲೆ ಯಾವಾಗಲೂ ಏಳನೆಯದು, ಒಂಬತ್ತನೆಯದು, ಕೆಲವು ಸಲ ಹನ್ನೊಂದನೆಯದು. ಅವನ ಬಗ್ಗೆ ಯಾರಾದರೂ ನಮ್ಮ ಕ್ಯಾಟಲಾಗಿನಲ್ಲಿ ಹುಡುಕಿದರೆ ಸೊನ್ನೆ ಫಲಿತಾಂಶ ಬರುತ್ತಿತ್ತು. ಅಂಥ ನಟನೇ ಇರಲಿಲ್ಲ ಎಂಬಂತೆ.

ಅಂದೇ ಡೈರಿಯಲ್ಲಿ ಬರೆದೆ: ಇವನು ಸೊನ್ನೆ ಅಲ್ಲ.

ಹಳೆಯ ಸಿನಿಮಾ ಪತ್ರಿಕೆಗಳ ಮೂಲೆಗಳಲ್ಲಿ ಅವನ ಬದುಕಿನ ಚೂರುಗಳು ಸಿಕ್ಕವು. ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರು, ದರ್ಜಿಯ ಮಗ. ಊರೂರು ತಿರುಗುವ ನಾಟಕ ತಂಡದಲ್ಲಿ ಬೆಳೆದವನು. ಒಂದು ನಾಟಕದ ಪ್ರವಾಸಕ್ಕೆಂದು ಅಮೆರಿಕಕ್ಕೆ ಬಂದ, ಸಿನಿಮಾ ಆಗಷ್ಟೇ ಮಾತು ಕಲಿತಿತ್ತು, ಹಾಲಿವುಡ್ಡಿಗೆ ಬ್ರಿಟಿಷ್ ಉಚ್ಚಾರದ ಬಾಯಿಗಳು ಬೇಕಿದ್ದವು, ಉಳಿದುಕೊಂಡ. ಇದನ್ನು ಓದಿ ಹೇಳಿದಾಗ ರೂಮ್‌ಮೇಟ್ ತಲೆಯಾಡಿಸಿದಳು. “ಹಂಗಾರ ನಮ್ಮ ಕಡೆ ಕಂಪನಿ ನಾಟಕದವ್ರಂಗ. ರಾಜಾನೂ ಅವ್ರೇ, ಪರದೆ ಎಳಿಯಾವ್ರೂ ಅವ್ರೇ.”

ಒಂದು ವರ್ಷದಲ್ಲಿ ನನ್ನ ಲೆಕ್ಕ ನಲವತ್ತೊಂದು ಚಿತ್ರಕ್ಕೆ ಬಂತು. ಬಟ್ಲರ್ ಹದಿನೇಳು, ನ್ಯಾಯಾಧೀಶ ಆರು, ವೈದ್ಯ ಐದು, ಸೈನ್ಯಾಧಿಕಾರಿ ಐದು, ಪಾದ್ರಿ ನಾಲ್ಕು, ಇತರೆ ನಾಲ್ಕು. ನಾಯಕ ಒಂದೂ ಇಲ್ಲ. ನಾಯಕಿ ಅವನನ್ನು ಪ್ರೀತಿಸಿದ್ದು ಇಲ್ಲ. ಸತ್ತದ್ದು ಎರಡು ಸಲ; ಎರಡೂ ಸಲ ಪರದೆಯ ಆಚೆ.

ಒಂದು ಚಿತ್ರದಲ್ಲಿ ಅವನು ಹಿಂದೂಸ್ಥಾನದಲ್ಲಿರುವ ಕರ್ನಲ್. ಆ ಹಿಂದೂಸ್ಥಾನವನ್ನು ತೆಗೆದದ್ದು ಇಲ್ಲೇ, ಊರಾಚೆಯ ಒಣ ಗುಡ್ಡಗಳಲ್ಲಿ. ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಅಮೆರಿಕನ್ನರು ಪೇಟ ಸುತ್ತಿ ಸಲಾಂ ಹೊಡೆಯುತ್ತಾರೆ. ಸಿಟ್ಟಿನಿಂದ ಲ್ಯಾಪ್‌ಟಾಪ್ ಮುಚ್ಚಿದೆ, ಎರಡು ದಿನ ತೆರೆಯಲಿಲ್ಲ. ಆಮೇಲೆ ತೆರೆದು, ಕರ್ನಲ್‌ನನ್ನೂ ಲೆಕ್ಕಕ್ಕೆ ಸೇರಿಸಿದೆ. ಒಬ್ಬನ ಕೆಲಸವನ್ನು ದಾಖಲಿಸುವುದೆಂದರೆ ನನಗೆ ಹಿಡಿಸಿದ್ದನ್ನು ಮಾತ್ರ ಆರಿಸುವುದಲ್ಲ. ಕ್ಷಮಿಸಿದೆ ಎಂದಲ್ಲ; ಎಣಿಸಿದೆ.

ಅಷ್ಟರಲ್ಲಿ ಕ್ಯಾಟಲಾಗಿನಲ್ಲಿ ನನ್ನ ಜಗಳ ಶುರುವಾಗಿತ್ತು. ಆರು ಹೆಸರಿನ ಕೆಳಗೆ ಏಳನೆಯದಾಗಿ ಅವನ ಹೆಸರು ಸೇರಿಸುತ್ತಿದ್ದೆ. ವಾರಕ್ಕೊಮ್ಮೆ ನನ್ನ ಮೇಲ್ವಿಚಾರಕಿ ಅದನ್ನು ಅಳಿಸುತ್ತಿದ್ದರು. ಕೆಟ್ಟವರಲ್ಲ, ಈ ಕೆಲಸದಲ್ಲೇ ಕೂದಲು ನರೆಸಿಕೊಂಡ ಅಮೆರಿಕನ್ ಹೆಂಗಸು. “ದಾಖಲೆಯೇ ಇಲ್ಲದ ಚಿತ್ರಗಳು ಕಪಾಟು ಕಪಾಟು ಕಾದಿವೆ. ಎಲ್ಲರ ಹೆಸರೂ ಬರೆಯುತ್ತ ಕೂತರೆ ಅವು ಕಾಯುತ್ತಲೇ ಇರುತ್ತವೆ. ಆರು ಅಂದರೆ ಆರು,” ಎಂದು ಝೂಮ್‌ನಲ್ಲಿ ಹೇಳಿದರು. “ಇದು ಮುಂದುವರಿದರೆ ಮುಂದಿನ ಸೆಮಿಸ್ಟರಿಗೆ ನಿನ್ನ ಕೆಲಸ ರಿನ್ಯೂ ಮಾಡುವುದು ಕಷ್ಟ.” ಸ್ಟೂಡೆಂಟ್ ವೀಸಾದಲ್ಲಿದ್ದವಳಿಗೆ ಕ್ಯಾಂಪಸ್ಸಿನ ಹೊರಗೆ ಕೆಲಸ ಮಾಡಲು ಅನುಮತಿಯಿಲ್ಲ. ಅದು ಅವರಿಗೂ ಗೊತ್ತಿತ್ತು.

2021ರ ಜೂನ್ 19, ಶನಿವಾರ. ಎರಡೂ ವ್ಯಾಕ್ಸೀನ್ ಆಗಿತ್ತು. ರೈಲು ಹಿಡಿದು ಸ್ಯಾನ್ ಡಿಯಾಗೊಗೆ, ಮೀರಾ ಮೆಸಾ ಬಡಾವಣೆಯ ಮಾವನ ಮನೆಗೆ ಹೋದೆ. ಅಮ್ಮನ ತಮ್ಮ ಅವನು, ಟೆಲಿಕಾಂ ಎಂಜಿನಿಯರ್. ಗ್ಯಾರೇಜಿನಿಂದ ಕಾರು ಹೊರಗೆ ತೆಗೆದು, ಗೋಡೆಗೆ ಬೆಡ್‌ಶೀಟ್ ಕಟ್ಟಿ, ಮಧ್ಯಾಹ್ನವೇ ಪ್ರೊಜೆಕ್ಟರ್ ಹಚ್ಚಿದ್ದ.

“ಹಾಕಮ್ಮಾ ನಿನ್ನ ಹೀರೋದು,” ಅಂದ. “ನಮ್ಮಕ್ಕ ಫೋನಲ್ಲಿ ಒಂದೇ ಗೋಳು. ಮಗಳು ಹಾಲಿವುಡ್ ಓದ್ತೀನಿ ಅಂತ ಹೋದ್ಲು, ಈಗ ಬಾಗಿಲು ತೆಗೆಯೋನ ಹಿಂದೆ ಬಿದ್ದಿದಾಳೆ ಅಂತ.”

“ಬಾಗಿಲು ತೆಗೆಯೋನಲ್ಲ ಮಾವ, ಪೋಷಕ ನಟ.”

“ಅದೇ ಕಣೇ. ಊಟಕ್ಕೆ ಉಪ್ಪಿನಕಾಯಿ.”

“ಸಾಕು ಸುಮ್ನಿರ್ರಿ, ಪಾಪ ಅದು,” ಎಂದು ಅತ್ತೆ ಕೋಡುಬಳೆಯ ತಟ್ಟೆ ನಡುವೆ ಇಟ್ಟರು. ಹೈಸ್ಕೂಲಿನ ಮಗಳು ಬೀನ್ ಬ್ಯಾಗಿನಲ್ಲಿ ಮುಳುಗಿ ಕೂತಳು.

ಒಬ್ಬ ಶ್ರೀಮಂತನ ಹೆಂಡತಿ, ಅವಳನ್ನು ಬಿಟ್ಟುಹೋಗಲು ಹವಣಿಸುವ ಗಂಡ, ಆ ಮನೆಯ ಬಟ್ಲರ್: ಕಥೆ ಅಷ್ಟು. ಮಾವನಿಗೊಂದು ಅಭ್ಯಾಸ. ರಿಮೋಟ್ ಅವನ ಕೈಯಲ್ಲೇ ಇರಬೇಕು. ಹೀರೋ ಹೀರೋಯಿನ್ ಇಲ್ಲದ ದೃಶ್ಯ ಬಂದರೆ ಓಡಿಸಬೇಕು. ಕನ್ನಡ ಸಿನಿಮಾದಲ್ಲಿ ಕಾಮಿಡಿ ಓಡಿಸುವುದು ಹಾಗೆಯೇ. ನನ್ನವನು ಊಟದ ಮೇಜು ಸಜ್ಜು ಮಾಡಲು ಒಳಬಂದ ಕೂಡಲೇ ಮಾವ ರಿಮೋಟ್ ಒತ್ತಿಬಿಟ್ಟ.

“ಮಾವ, ಬೇಡ…”

“ಅಯ್ಯೋ ತಟ್ಟೆ ಜೋಡಿಸೋದು ಏನೇ ನೋಡೋದು? ನಾನು ದಿನಾ ಮಾಡ್ತೀನಲ್ಲ.”

“ಯಾವತ್ರೀ ಮಾಡಿದ್ದು?” ಅತ್ತೆ ಕೇಳಿದರು.

ಪರದೆಯ ಮೇಲೆ ಹೆಂಡತಿ ಒಳಗೆ ಬಂದಳು, ಮೇಜು ನೋಡಿದಳು, ಕುರ್ಚಿ ಹಿಡಿದು ಕುಸಿದಳು, ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ತಲೆಯೆತ್ತಿದಳು. “ವೇಟ್, ವೈ ಈಸ್ ಶಿ ಕ್ರೈಯಿಂಗ್?”

“ಗಂಡ ಜಗಳ ಆಡಿರ್ತಾನೆ ಬಿಡು,” ಅಂದ ಮಾವ.

“ನೋ, ಅಪ್ಪಾ, ಹಿ ವಾಸ್ ನೈಸ್ ಟು ಹರ್. ಯು ಸ್ಕಿಪ್ಡ್ ಸಮ್‌ಥಿಂಗ್.”

“ಹಿಂದಕ್ಕೆ ಹೋಗ್ರೀ,” ಅತ್ತೆ ಹೇಳಿದರು. ಮಾವ ಗೊಣಗುತ್ತ ಹಿಂದಕ್ಕೆ ಹೋದ.

ಬಟ್ಲರ್ ಇಬ್ಬರಿಗೆ ತಟ್ಟೆ ಇಡುತ್ತಾನೆ. ಹೊರಗೆ ಕಾರು ಸ್ಟಾರ್ಟ್ ಆದ ಸದ್ದು. ಕೈ ನಿಲ್ಲುತ್ತದೆ, ಮುಖ ಕಿಟಕಿಯತ್ತ ತಿರುಗುವುದಿಲ್ಲ. ಯಜಮಾನನ ತಟ್ಟೆಯನ್ನು ಮೆಲ್ಲಗೆ ಎತ್ತಿಕೊಳ್ಳುತ್ತಾನೆ, ಫೋರ್ಕು, ಚಾಕು, ಲೋಟ ಎತ್ತುತ್ತಾನೆ, ಮೇಜುಬಟ್ಟೆಯ ಮೇಲೆ ಬಿದ್ದ ಗುರುತನ್ನು ಅಂಗೈಯಿಂದ ಸವರಿ ಅಳಿಸುತ್ತಾನೆ. ಹೆಜ್ಜೆಯ ಸಪ್ಪಳ ಕೇಳಿ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸುತ್ತಾನೆ. ತಡವಾಗಿರುತ್ತದೆ. ಅವಳು ಒಂದೇ ತಟ್ಟೆಯ ಮೇಜನ್ನು ನೋಡುತ್ತಾಳೆ. ಇಡೀ ದೃಶ್ಯದಲ್ಲಿ ಒಂದು ಮಾತಿಲ್ಲ.

“ಅಯ್ಯೋ,” ಎಂದರು ಅತ್ತೆ.

ಮಾವ ರಿಮೋಟನ್ನು ಕೋಡುಬಳೆ ತಟ್ಟೆಯ ಪಕ್ಕ ಇಟ್ಟ. ಮುಗಿಯುವವರೆಗೆ ಮುಟ್ಟಲಿಲ್ಲ. ಸೋಲೊಪ್ಪಿದ ಎಂದಲ್ಲ, ಕೊನೆಗೆ, “ಆದ್ರೂ ಹೀರೋ ಡಬ್ಬ ಕಣೇ,” ಅಂದ.

ವಾಪಸ್ ರೈಲಿನಲ್ಲಿ ಸಮುದ್ರ ನೋಡುವ ಬದಲು ಕ್ಯಾಟಲಾಗಿನ ನಿಯಮಗಳನ್ನು ಮೊದಲಿಂದ ಓದಿದೆ. ಬೇಕಾದದ್ದು ಸಿಕ್ಕಿತು. ನಟರ ಪಟ್ಟಿಗೆ ಆರರ ಮಿತಿ ಇತ್ತು. ಕಥಾಸಾರಕ್ಕೆ ಇನ್ನೊಂದು ನಿಯಮ: ಕಥಾಸಾರದಲ್ಲಿ ಯಾವ ಪಾತ್ರ ಬಂದರೂ ಅದರ ಮುಂದೆ ನಟನ ಹೆಸರು ಬರೆಯಬೇಕು. ಎಷ್ಟು ಪಾತ್ರ ಎಂಬುದಕ್ಕೆ ಮಿತಿಯೇ ಇರಲಿಲ್ಲ.

ಬೇಸಿಗೆ ಪೂರ್ತಿ ಕಥಾಸಾರಗಳನ್ನು ಹೊಸದಾಗಿ ಬರೆದೆ. “ಗಂಡ ಬಿಟ್ಟುಹೋದುದು ಹೆಂಡತಿಗೆ ತಿಳಿಯುತ್ತದೆ” ಎಂದಿದ್ದ ಕಡೆ “ಬಟ್ಲರ್ ತಟ್ಟೆ ತೆಗೆಯುವುದರಿಂದ ತಿಳಿಯುತ್ತದೆ” ಎಂದು ಬರೆದೆ. ಪಕ್ಕದಲ್ಲಿ ಅವನ ಹೆಸರು.

ಸೆಪ್ಟೆಂಬರ್ 13, ಸೋಮವಾರ, ಕರೆ ಬಂತು. ಈ ಸಲ ಝೂಮ್ ಅಲ್ಲ, ಆಫೀಸಿಗೇ. ಇಬ್ಬರೂ ಮಾಸ್ಕ್ ಹಾಕಿಕೊಂಡು ಎದುರುಬದುರು ಕೂತೆವು.

“ನೀನು ಎಲ್ಲ ಕಥೆಗಳನ್ನೂ ಆಳುಗಳ ಕಡೆಯಿಂದ ಬರೆದಿದ್ದೀಯ.”

“ಕಥೆ ಹಾಗೆಯೇ ನಡೆಯುತ್ತದೆ. ಅವನನ್ನು ತೆಗೆದು ನೀವೇ ಬರೆದು ನೋಡಿ. ಹತ್ತು ಸಾಲಿನಲ್ಲಿ ಅರ್ಥವಾದರೆ ನಾನೇ ಅಳಿಸುತ್ತೇನೆ.”

ಹೇಳಿದ ಮೇಲೆ ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ಕನ್ನಡಕ ತೆಗೆದು ಮಂಜು ಒರೆಸಿಕೊಂಡು, “ಸರಿ. ಒಂದೊಂದಾಗಿ,” ಎಂದರು.

ಮೂರು ತಿಂಗಳು ಹಿಡಿಯಿತು. ಪ್ರತಿ ಸೋಮವಾರ ನಾವಿಬ್ಬರೂ ಮೂರು ನಾಲ್ಕು ಸಿನಿಮಾ ನೋಡಿದೆವು, ಅವನನ್ನು ಬಿಟ್ಟು ಕಥೆ ಹೇಳಲು ಅವರು ಯತ್ನಿಸಿದರು. ಇಪ್ಪತ್ತಾರು ಚಿತ್ರಗಳಲ್ಲಿ ಅವರಿಗೆ ಆಗಲಿಲ್ಲ. ಅವನ ಹೆಸರು ಉಳಿಯಿತು. ಹದಿನಾಲ್ಕರಲ್ಲಿ ಸುಲಭವಾಗಿ ಹೇಳಿಬಿಟ್ಟರು. ಒಪ್ಪಂದದಂತೆ ನಾನೇ ಅಳಿಸಿದೆ. ಕರ್ನಲ್ ಉಳಿದ. ನನಗೆ ಬಹಳ ಪ್ರಿಯನಾದ ಒಬ್ಬ ಪಾದ್ರಿ ಹೋದ.

ನಲವತ್ತೊಂದನೆಯದು ಅವನ ಕೊನೆಯ ಚಿತ್ರ. ಆ ಹೊತ್ತಿಗೆ ಬೆನ್ನು ಬಾಗಿತ್ತು. ಪರದೆಯ ಮೇಲೂ ಹೆಸರು ಹಾಕಿಲ್ಲ. ಒಂದು ಹೋಟೆಲಿನ ಬಾಗಿಲು ತೆಗೆಯುತ್ತಾನೆ, ನಾಯಕ ಅವನತ್ತ ನೋಡದೆ ಒಳಗೆ ಹೋಗುತ್ತಾನೆ, ಅಷ್ಟೇ. “ಬಾಗಿಲು ತೆಗೆಯುವ ಮುದುಕ” ಎಂದು ಬರೆದು ಪಕ್ಕದಲ್ಲಿ ಹೆಸರು ಹಾಕಿದ್ದೆ.

“ಇದು ಕಥೆಯಾ?” ಕೇಳಿದರು.

“ಬಾಗಿಲು ತೆಗೆಯದಿದ್ದರೆ ನಾಯಕ ಒಳಗೆ ಬರುವುದು ಹೇಗೆ?”

“ಬಾಗಿಲು ಅವನೇ ತೆಗೆದುಕೊಳ್ಳಬಹುದು.”

“ತೆಗೆದುಕೊಂಡಿಲ್ಲ. ಸಿನಿಮಾದಲ್ಲಿ ಇರುವುದನ್ನು ಬರೆಯುವುದು ನಮ್ಮ ಕೆಲಸ.”

ಅವರು ಅಳಿಸಿದರು. ಮರುದಿನ ಹಾಕಿದೆ. ಅಳಿಸಿದರು. ಹಾಕಿದೆ. ಇದರ ಬಗ್ಗೆ ಇಬ್ಬರೂ ಮತ್ತೆ ಮಾತಾಡಲಿಲ್ಲ. ನನ್ನ ಕೆಲಸ ಮಾತ್ರ ರಿನ್ಯೂ ಆಯಿತು. 2022ರ ಮೇ 27, ಶುಕ್ರವಾರ, ನನ್ನ ಓದು ಮುಗಿದು ಅಲ್ಲಿಯ ಕೊನೆಯ ದಿನ. ಸಂಜೆ ಲಾಗ್ ಔಟ್ ಆಗುವ ಮುಂಚೆ ಇನ್ನೊಂದು ಸಲ ಹಾಕಿ ಎದ್ದುಬಂದೆ.

ಈಗ ವುಡ್‌ಲ್ಯಾಂಡ್ ಹಿಲ್ಸ್‌ನ ಒಂದು ಆಫೀಸಿನಲ್ಲಿ ಸಬ್‌ಟೈಟಲ್ ತಿದ್ದುವ ಕೆಲಸ ನನ್ನದು. ಆ ಕ್ಯಾಟಲಾಗು ಯಾರು ಬೇಕಾದರೂ ನೋಡಬಹುದಾದದ್ದು. ಪ್ರತಿ ವರ್ಷ ಮೇ 27ಕ್ಕೆ ಅವನ ಹೆಸರು ಹಾಕಿ ಹುಡುಕುತ್ತೇನೆ. ಮೊದಲ ವರ್ಷ, ಬಾಗಿಲು ತೆಗೆಯುವ ಮುದುಕನೂ ಸೇರಿ, ಇಪ್ಪತ್ತೇಳು ಫಲಿತಾಂಶ ಬಂತು. ಎರಡನೆಯ ವರ್ಷ ಇಪ್ಪತ್ತೇಳು. ಕಳೆದ ವರ್ಷ ಇಪ್ಪತ್ತೆಂಟಾಗಿತ್ತು. ಹೆಚ್ಚಿದ ಒಂದು ಯಾವುದೆಂದು ತೆರೆದು ನೋಡಿದೆ: ನಾನೇ ಅಳಿಸಿದ್ದ ಆ ಪಾದ್ರಿ. ನಾನು ಬರೆಯದ ವಾಕ್ಯದೊಳಗೆ ಅವನ ಹೆಸರು ಕೂತಿತ್ತು.

ಇನ್ನೂ ಹದಿಮೂರು ಬಾಕಿ ಇವೆ.