ಅಕ್ಕನ ಮನೆಗಾಗಿ ಅಳಿಯನ ಕೈ ಹಿಡಿದದ್ದು

ಮೊದಲೇ ಹೇಳಿಬಿಡುತ್ತೇನೆ: ಮನೆಮಂದಿಯ ಜೊತೆ ಒಂದೇ ಖಾತೆಯಲ್ಲಿ ಆನ್‌ಲೈನ್ ಆಟ ಆಡಬೇಡಿ. ಆಡಲೇಬೇಕೆಂದರೆ ನಿಮ್ಮ ಗಳಿಕೆಯನ್ನು ನಾಣ್ಯದಲ್ಲಿ ಇಡಬೇಡಿ, ಸರಕಿನಲ್ಲಿ ಇಡಿ. ಈ ಬುದ್ಧಿ ನನಗೆ ಬಂದದ್ದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಒಂದು ಟವೆಲ್ಲಿನ ಕೆಳಗೆ ಅಳಿಯನ ಬಲಗೈ ಹಿಡಿದು ನಿಂತಿದ್ದಾಗ.

ನಾನು ರಾಣೆಬೆನ್ನೂರಿನಲ್ಲಿ ಹಳೆಯ ಗೋಣಿಚೀಲದ ವ್ಯಾಪಾರಿ. ಬೇರೆಯವರ ಗೋದಾಮಿನಲ್ಲಿ ಹರಿದ ಚೀಲ ಹೊಲಿಯುವ ಕೂಲಿಯಿಂದ ಶುರುಮಾಡಿದವನು. ಈಗ ಗೋದಾಮು ನನ್ನದೇ. ಅಕ್ಕಿ ಗಿರಣಿಗಳಿಂದ ಖಾಲಿ ಚೀಲ ತಂದು, ಜಾಡಿಸಿ, ತೂತು ಹೊಲಿಸಿ, ಬ್ಯಾಡಗಿಯ ದಲಾಲಿ ಅಂಗಡಿಗಳಿಗೆ ಹಾಕುತ್ತೇನೆ. ಹಳೆಯ ಚೀಲ ಕೊಳ್ಳುವವರೆಲ್ಲ ಅದರ ಬಾಯಿ ನೋಡುತ್ತಾರೆ. ನೀವು ತಳದ ಮೂಲೆಗೆ ಬೆರಳು ಹಾಕಿ ನೋಡಿ, ಇಲಿ ಯಾವಾಗಲೂ ಅಲ್ಲಿಂದಲೇ ಶುರುಮಾಡುತ್ತದೆ. ಈ ಕಥೆಗೂ ಇದಕ್ಕೂ ಸಂಬಂಧವಿಲ್ಲ, ಆದರೂ ತಿಳಿದಿರಲಿ.

ಆಟವನ್ನು ತಂದು ಹಚ್ಚಿದವನು ಅಳಿಯ. ಅಂದರೆ ನನ್ನ ಅಕ್ಕನ ಮಗ. ಮದುವೆಯಾಗಿ ಬ್ಯಾಡಗಿಯಲ್ಲಿ ಮನೆ ಮಾಡಿದ್ದಾನೆ, ಅಲ್ಲಿಯ ಒಂದು ದಲಾಲಿ ಅಂಗಡಿಗೆ ಚೀಲ, ಹಗ್ಗ, ಸುತಳಿ ಖರೀದಿಸುವ ಕೆಲಸ ಅವನದು. ಹೀಗಾಗಿ ಅವನು ನನಗೆ ಅಳಿಯನೂ ಹೌದು, ಗಿರಾಕಿಯೂ ಹೌದು. ಮೊಬೈಲಿನಲ್ಲಿ ಒಂದು ಲೋಕ ತೋರಿಸಿದ: ಬೆಟ್ಟ, ಹೊಳೆ, ಪೇಟೆ, ಕೋಟೆ ಎಲ್ಲ ಇವೆ. ನಾವು ಒಂದೊಂದು ಪಾತ್ರ ಮಾಡಿಕೊಂಡು ಅದರೊಳಗೆ ತಿರುಗಬೇಕು, ದುಡಿಯಬೇಕು, ನಾಣ್ಯ ಗಳಿಸಬೇಕು. ನಾನು ಆಟದ ಮಾತು ಬಿಟ್ಟು ಪೇಟೆಯ ಮಾತು ಕೇಳಿದೆ. ಅಲ್ಲಿಯೂ ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರಬಹುದು ಅಂದ. ಅಂದ ಮೇಲೆ ನನ್ನನ್ನು ಹಿಡಿಯುವವರು ಯಾರು?

ಆದರೆ ಅದಕ್ಕೆ ತಿಂಗಳ ಚಂದಾ ಇತ್ತು. ಅಷ್ಟರಲ್ಲಿ ಹಾವೇರಿಯ ಅಕ್ಕನಿಗೂ ಈ ಹುಚ್ಚು ಹತ್ತಿತ್ತು. ಮೂವರಿಗೆ ಮೂರು ಚಂದಾ ಎಂದು ಅಳಿಯ ಲೆಕ್ಕ ಹೇಳಿದಾಗ ನಾನು ಅವನನ್ನು ಅಲ್ಲಿಯೇ ತಡೆದೆ.

"ಮೂರು ಖಾತೆ ಯಾಕ ಬೇಕಲೇ? ಮೂರೂ ಮಂದಿ ಒಮ್ಮೆಲೇ ಕುಂತು ಆಡ್ತೇವೇನು?"

ಒಂದು ಖಾತೆಯೊಳಗೆ ಎಷ್ಟೋ ಪಾತ್ರ ಮಾಡಬಹುದು ಎಂಬುದನ್ನು ನಾನು ಮೊದಲೇ ನೋಡಿಟ್ಟಿದ್ದೆ. ಒಂದು ಚಂದಾ, ಮೂರು ಪಾಲು, ಮೂರು ಪಾತ್ರ. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಒಳಹೊಕ್ಕರೆ ಮೊದಲಿನವರು ಹೊರಗೆ ಬೀಳುತ್ತಾರೆ, ಅದೊಂದೇ ತೊಂದರೆ. ಅದಕ್ಕೆ ಕಾಲುವೆ ನೀರಿನ ಹಾಗೆ ಪಾಳಿ ಹಚ್ಚಿದೆವು. ಬೆಳಿಗ್ಗೆ ಅಳಿಯನದು, ಮಧ್ಯಾಹ್ನ ಅಕ್ಕನದು, ಸಂಜೆ ಗೋದಾಮಿನ ಬಾಗಿಲು ಹಾಕಿದ ಮೇಲೆ ನನ್ನದು.

ಅಳಿಯನ ಪಾತ್ರ ಕತ್ತಿವೀರ. ಗಳಿಸಿದ್ದನ್ನೆಲ್ಲ ಅಂದಂದೇ ಕತ್ತಿಗೆ, ಕವಚಕ್ಕೆ ಸುರಿಯುತ್ತಿದ್ದ. ನನ್ನದು ಗಿಡಮೂಲಿಕೆಯ ವ್ಯಾಪಾರಿ, ಬಡಕಲು, ಒಂದೇ ಅಂಗಿ. ಅಂಗಿಗೆ ರೊಕ್ಕ ಹಾಕಿದರೆ ಬಂಡವಾಳ ಎಲ್ಲಿ ಉಳಿಯಬೇಕು? ಅಕ್ಕನದು ಮೀನು ಹಿಡಿಯುವವಳು. ಹುಟ್ಟಿದಾಗಿನಿಂದ ಮೀನು ಮುಟ್ಟದ ಅಕ್ಕ ಹೊಳೆದಂಡೆಯಲ್ಲಿ ಗಾಳ ಹಿಡಿದು ಕೂತದ್ದು ನೋಡಿ ನಾನು ನಕ್ಕಿದ್ದೆ. "ಹಿಡಿಯೂದಷ್ಟ ಮಾಡ್ತೇನಿ, ತಿನ್ನೂದಿಲ್ಲ" ಎಂದು ಗಂಭೀರವಾಗಿ ಉತ್ತರಿಸಿದ್ದಳು. ಭಾವ ಊಟ ಮಾಡಿ ಮಲಗಿದ ಮೇಲೆ, ಮಂದಿಯ ಸೀರೆಗೆ ಫಾಲ್ಸ್ ಹಚ್ಚುವ ಕೆಲಸ ಬದಿಗಿಟ್ಟು, ಅವಳ ಮೀನುಗಾರಿಕೆ.

ಅವಳಿಗೆ ಬೇಕಾಗಿದ್ದದ್ದು ಒಂದು ಮನೆ. ಆಟದೊಳಗಿನ ಹೊಳೆಯ ದಂಡೆಗೆ, ಕೆಂಪು ಹೆಂಚಿನ ಸಣ್ಣ ಮನೆ. ಇನ್ನೂ ಮಾರಾಟಕ್ಕೆ ಬಿಟ್ಟಿರಲಿಲ್ಲ, ಚಿತ್ರ ಮಾತ್ರ ಹಾಕಿದ್ದರು. ನಾವು ಹುಟ್ಟಿ ಬೆಳೆದದ್ದು ಗುತ್ತಲದ ಕಡೆ, ಹೊಳೆಯ ನೀರು ಕುಡಿದವರು. ಹಾವೇರಿಯ ಮನೆಯ ಬಾಗಿಲು ತೆಗೆದರೆ ನೇರ ರಸ್ತೆ, ಹೊಸ್ತಿಲು ದಾಟಿದರೆ ಗಟಾರ. ಸಂಜೆ ಕೂಡ್ರಲು ಒಂದು ಕಟ್ಟೆಯಿಲ್ಲ. ಆ ಚಿತ್ರವನ್ನು ನನಗೆ ಎಷ್ಟು ಸಲ ಕಳಿಸಿದಳೋ.

"ತಮ್ಮಾ, ನೋಡಿಲ್ಲೆ. ಮನೀ ಮುಂದ ಕಟ್ಟಿ, ಕಟ್ಟಿ ಮುಂದ ಹೊಳಿ."

ಕೈಗೂಡಿದರೆ ಕದರಮಂಡಲಗಿ ಹನುಮಪ್ಪನಿಗೆ ಕಾಯಿ ಒಡೆಸುತ್ತೇನೆಂದು ಹರಕೆ ಬೇರೆ ಹೊತ್ತಿದ್ದಳು. ಆಟದ ಮನೆಗೆ ಖರೇ ಕಾಯಿಯೇ ಎಂದು ಕೇಳಿದ್ದಕ್ಕೆ, ದೇವರಿಗೆ ಅದೆಲ್ಲ ಬಿಡಿಸಿ ಹೇಳಲು ಹೋಗಬೇಡ ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಇಷ್ಟು ದಿನ ಒಂದು ಅನುಕೂಲ ಇತ್ತು. ಖಾತೆ ಒಂದೇ ಆದರೂ ಪ್ರತಿ ಪಾತ್ರಕ್ಕೆ ನಾಣ್ಯದ ಚೀಲ ಬೇರೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕೆಂದರೆ ಆಟದ ಪೇಟೆಯ ಮೂಲಕವೇ ಹೋಗಬೇಕು, ಪೇಟೆಯವನು ನಡುವೆ ತನ್ನ ಪಾಲು ಮುರಿದುಕೊಳ್ಳುತ್ತಾನೆ. ಹಾಗಾಗಿ ಯಾರೂ ಯಾರಿಗೂ ಕೊಡುತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಮೂರು ಒಲೆ. ಸುಖವಾಗಿದ್ದೆವು.

ಒಂದು ಸಂಜೆ ನನ್ನ ಪಾಳಿಯಲ್ಲಿ ಆಟದ ಕಂಪನಿಯವರ ಸೂಚನೆ ಕಂಡಿತು. ಸೂಚನೆಗಳನ್ನು ಪೂರ್ತಿ ಓದಿ ಎಂಬುದು ನನ್ನ ಇನ್ನೊಂದು ಸಲಹೆ. ಉಳಿದವರು ಓದುವುದಿಲ್ಲ, ಅದೇ ನಮ್ಮ ಲಾಭ. ನಾಳೆ ಬೆಳಿಗ್ಗೆ ದುರಸ್ತಿ ಮುಗಿಸಿ ಆಟ ತೆರೆದಾಗ, ಒಂದು ಖಾತೆಯ ಎಲ್ಲ ಪಾತ್ರಗಳ ನಾಣ್ಯವೂ ಒಂದೇ ಚೀಲಕ್ಕೆ ಬೀಳುತ್ತದೆ, ಯಾವ ಪಾತ್ರ ಬೇಕಾದರೂ ಅದರಿಂದ ಖರ್ಚು ಮಾಡಬಹುದು ಎಂದಿತ್ತು. ಆಟಗಾರರಿಗೆ ಅನುಕೂಲವಾಗಲೆಂದು ಮಾಡಿದ್ದಂತೆ. ಅವರ ಲೆಕ್ಕದಲ್ಲಿ ಒಂದು ಖಾತೆ ಎಂದರೆ ಒಬ್ಬ ಮನುಷ್ಯ. ನಮ್ಮಂಥವರು ಇರುತ್ತಾರೆಂದು ಅವರಿಗೇನು ಗೊತ್ತು?

ಅದೇ ಸೂಚನೆಯ ಕೆಳಗೆ ಇನ್ನೊಂದು ಸಾಲು. ಹೊಳೆದಂಡೆಯ ಮನೆಗಳೂ ನಾಳೆಯೇ ಮಾರಾಟಕ್ಕೆ, ಇರುವುದು ಕೆಲವೇ, ಮೊದಲು ಬಂದವರಿಗೆ. ರೆಕ್ಕೆಯ ಸಿಂಹವೂ ನಾಳೆಯೇ ಬರುತ್ತದೆ. ಆ ಸಿಂಹದ ಮೇಲೆ ಅಳಿಯನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಆಟ ತೆರೆಯುವುದು ಅವನ ಪಾಳಿಯಲ್ಲಿ. ತೆರೆದ ಕೂಡಲೇ ಅವ್ವ ಕೂಡಿಸಿಟ್ಟದ್ದೂ ಮಾವ ಕೂಡಿಸಿಟ್ಟದ್ದೂ ಅವನ ಕತ್ತಿವೀರನ ಎದುರು ರಾಶಿ ಬಿದ್ದಿರುತ್ತದೆ.

ಅಕ್ಕನಿಗೆ ಫೋನು ಮಾಡಿದೆ. ಪಾಳಿ ಮುರಿದು ಬೆಳಿಗ್ಗೆ ನೀನೇ ಒಳಗೆ ಹೋಗು, ಮನೆ ಹಿಡಿ, ಆ ಹುಡುಗನ ಕೈಗೆ ಒಂದು ನಾಣ್ಯವೂ ಸಿಗಬಾರದು, ಮುಗಿದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡು ಅಂದೆ. ಅವನು ನಡುವೆ ಒಳಹೊಕ್ಕರೆ ತಾನು ಹೊರಗೆ ಬೀಳುತ್ತೇನಲ್ಲ ಎಂದು ಹೆದರಿದಳು. ಅವನನ್ನು ನನಗೆ ಬಿಡು ಅಂದೆ.

ಮರುದಿನ ಬೆಳಿಗ್ಗೆ ಗಾಡಿಗೆ ಚೀಲ ಹೇರಿಸಿಕೊಂಡು ಬ್ಯಾಡಗಿಗೆ ಹೋದೆ. ಅಂಗಡಿಯ ಮುಂದೆ ಕೆಂಪು ರಾಶಿ, ಅದರ ಘಾಟಿಗೆ ಬಂದವರು ಸೀನುವುದು, ಹೋಗುವವರು ಸೀನುವುದು. ಅಳಿಯ ಕಂಬಕ್ಕೆ ಒರಗಿ ಮೊಬೈಲು ತೆಗೆಯುವುದರಲ್ಲಿದ್ದ. ಹತ್ತಿರದಲ್ಲೇ ಇನ್ನೊಬ್ಬ ಚೀಲದ ವ್ಯಾಪಾರಿ ನಿಂತಿದ್ದದ್ದು ನನ್ನ ಪುಣ್ಯ. ಹೆಗಲ ಮೇಲಿನ ಟವೆಲ್ ತೆಗೆದು ಅಳಿಯನ ಬಲಗೈ ಮೇಲೆ ಹಾಕಿ, ಒಳಗಿನಿಂದ ಕೈ ಹಿಡಿದೆ.

ದನದ ಪೇಟೆಯಲ್ಲಿ ಹೀಗೆ ವ್ಯಾಪಾರ ಮಾಡುತ್ತಾರೆ. ಬಟ್ಟೆಯ ಕೆಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ದರ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಗೋಣಿಚೀಲಕ್ಕೆ ಹೀಗೆ ಯಾರೂ ಮಾಡಿದ್ದು ನಾನು ಕಂಡಿಲ್ಲ.

"ಮಾಮಾ, ಇದೇನು ದನದ ಪ್ಯಾಟಿ ಏನ್ರಿ?"

"ಬಾಜೂದಾಂವನ ಕಿವಿ ಚೂಪು ಅದಾವು. ಸುಮ್ನ ಕೈ ಕೊಡು."

ದರ ಹಿಡಿದೆ. ಅವನು ಎರಡು ಬೆರಳು ಮಡಚಿದ. ನಾನು ತಲೆಯಾಡಿಸಿದೆ. ಹೀಗೆ ಸ್ವಲ್ಪ ಹೊತ್ತು ಹೋಯಿತು. ನಡುವೆ ಎಡಗೈಯಿಂದ ಜೇಬಿನ ಮೊಬೈಲು ಹೊರಗೆ ತೆಗೆದ. ಆದರೆ ಅದರ ಬೀಗ ತೆರೆಯುವುದು ಅವನ ಬಲಗೈ ಹೆಬ್ಬೆಟ್ಟಿಗೆ. ಅದು ನನ್ನ ಮುಷ್ಟಿಯಲ್ಲಿತ್ತು.

"ಮಾಮಾ, ಹೆಬ್ಬಟ್ಟು ಒಂದೀಟು ಕೊಡ್ರಿ."

"ವ್ಯಾಪಾರ ಅರ್ಧ ಆದಾಗ ಹೆಬ್ಬಟ್ಟು ಯಾರರ ಕೊಡ್ತಾರೇನಲೇ?"

"ಬಾಕಿ ಬೆರಳು ನಿಮ್ಮಂತೇಕ ಇರಲಿ. ಅದೊಂದ ಬಿಡ್ರಿ."

ಬಿಡಲಿಲ್ಲ. ಆದರೆ ನನಗೊಂದು ಕಷ್ಟ ಶುರುವಾಯಿತು. ದರಕ್ಕೆ ಒಪ್ಪಿದರೆ ಕೈ ಬಿಡಬೇಕು. ಒಪ್ಪದೆ ಬಿಟ್ಟು ಹೋದರೂ ಕೈ ಬಿಡಬೇಕು. ಅಕ್ಕನ ಮಿಸ್ಡ್ ಕಾಲ್ ಬರುತ್ತಿಲ್ಲ. ಎದುರಿನವನನ್ನು ನಿಲ್ಲಿಸಿಕೊಳ್ಳಲು ಒಂದೇ ದಾರಿ, ಸ್ವಲ್ಪ ಸ್ವಲ್ಪ ಇಳಿಯುತ್ತ ಹೋಗುವುದು. ಇಳಿದೆ. ಅವನು ಇನ್ನಷ್ಟು ಎಳೆದ. ಇನ್ನೂ ಇಳಿದೆ. ನನ್ನ ಜನ್ಮದಲ್ಲಿ ಯಾವ ಗಿರಾಕಿಗೂ ಹಾಗೆ ಇಳಿದವನಲ್ಲ. ಟವೆಲ್ಲಿನ ಕೆಳಗೆ ಎರಡೂ ಕೈ ಬೆವೆತು ಜಾರತೊಡಗಿದವು. ಘಾಟಿಗೆ ನನಗೆ ಸೀನು ಬಂತು, ಮೂಗು ಒರೆಸಲು ಟವೆಲ್ ಎತ್ತುವ ಹಾಗಿಲ್ಲ.

ಅಳಿಯ ನನ್ನ ಮುಖವನ್ನೇ ನೋಡಿದ. ಆಮೇಲೆ ಎಡಗೈಯ ಮೊಬೈಲನ್ನು ತಾನಾಗಿ ಜೇಬಿಗೆ ಇಳಿಸಿದ.

"ಮಾಮಾ, ನೀವು ಇಷ್ಟೊತ್ತು ಯಾರ ಕೈನೂ ಹಿಡದವರಲ್ಲ. ನಮ್ಮವ್ವ ಮನೀ ತಗೊಳ್ಳಾಕತ್ತಾಳೇನು?"

ನಾನು ಹೆಬ್ಬೆಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅವನು ಒಳಗಿನಿಂದ ನನ್ನ ಇನ್ನೊಂದು ಬೆರಳು ಮಡಚಿದ.

"ನಾನೂ ಸೂಚನಾ ಓದೇನ್ರಿ. ತಗೊಳ್ಳಿ ಬಿಡ್ರಿ, ಪಾಪ. ಸಿಂಹ ಹೋತು, ಚೀಲ ಬರಲಿ. ಇದಕ್ಕ ಒಪ್ಪತೀರೋ, ಹೆಬ್ಬಟ್ಟು ಕಸಗೊಳ್ಳಲೋ?"

ಒಪ್ಪಿದೆ. ಗಾಡಿಯ ಬಾಡಿಗೆ ಹುಟ್ಟಿದರೆ ಸಾಕು ಎನ್ನುವಂಥ ದರ. ಒಪ್ಪಿ, ಕೈ ಬಿಟ್ಟು, ಮೂಗು ಒರೆಸಿಕೊಳ್ಳುವಾಗ ಮಿಸ್ಡ್ ಕಾಲ್ ಬಂತು. ಮೂಗಿಗೂ ಮುಖಕ್ಕೂ ಮೆಣಸಿನಕಾಯಿಯ ಧೂಳು ಹತ್ತಿ ಕಣ್ಣಲ್ಲಿ ನೀರು ಇಳಿಯಿತು. ಬಾಜೂದವನು ನಾನು ಚೀಲದ ದರಕ್ಕೆ ಅಳುತ್ತಿದ್ದೇನೆಂದು ತಿಳಿದ. ಅದೂ ಪೂರ್ತಿ ಸುಳ್ಳಲ್ಲ.

ಅಕ್ಕನಿಗೆ ತಿರುಗಿ ಫೋನು ಹಚ್ಚಿದೆ. ಮನೆ ಸಿಕ್ಕಿತ್ತು, ದಂಡೆಯ ತುದಿಯದೇ. ಇಷ್ಟೊತ್ತು ಯಾಕೆ ಎಂದರೆ, ಮನೆ ಹಿಡಿದ ಮೇಲೆ ಅಟ್ಟ ಹಾಕಿಸಿದಳಂತೆ. ತೂಗುಮಂಚ, ದೋಣಿ, ಒಂದು ಆಕಳು, ಆಕಳಿಗೆ ಗಂಟೆ. ಚೀಲದಲ್ಲಿ ಎಷ್ಟು ಉಳಿಯಿತು ಎಂದು ಕೇಳಿದೆ.

"ಎಲ್ಲೀದು ಉಳಿಯೂದು? ಆ ಹುಡುಗನ ಕೈಗೆ ಒಂದೂ ಸಿಗಬಾರದು ಅಂತ ನೀನ ಹೇಳಿದ್ದೆಲ್ಲ."

ನನ್ನ ಗಿಡಮೂಲಿಕೆಯ ಬಂಡವಾಳವೂ ಅದೇ ಚೀಲದಲ್ಲಿತ್ತು ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ಹೇಳಲಾರೆ. ಕೇಳಿದರೆ ಮಾತು ತಿರುಗಿಸುತ್ತಾಳೆ. ಸಲಹೆ ಕೊಡುವಾಗ ಎಲ್ಲಿಯವರೆಗೆ ಎಂಬುದನ್ನೂ ಹೇಳಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಆದರೆ ಸಂಜೆಯ ಹೊತ್ತಿಗೆ ಅವಳದೇ ಫೋನು ಬಂತು, ದನಿ ಸಣ್ಣಗಾಗಿತ್ತು. ಮನೆಯ ಮುಂದೆ ಕಟ್ಟೆಯೇ ಇರಲಿಲ್ಲ. ಚಿತ್ರದಲ್ಲಿ ಇತ್ತು, ಮನೆಯ ಜೊತೆ ಬರಲಿಲ್ಲ. ಅದನ್ನು ಬೇರೆಯಾಗಿ ಹಾಸುಗಲ್ಲು ತಂದು ಕಟ್ಟಿಸಬೇಕು. ಅಟ್ಟ, ಆಕಳು, ಗಂಟೆ ಎಲ್ಲ ಇವೆ, ಕೂಡ್ರಲು ಜಾಗವಿಲ್ಲ.

ಹಾಸುಗಲ್ಲು ಇದ್ದದ್ದು ನನ್ನ ಹತ್ತಿರ. ಮನೆಗಳು ಬರುತ್ತವೆ ಎಂಬ ಸುದ್ದಿ ಹಬ್ಬುವ ಮೊದಲೇ, ಅಗ್ಗವಿದ್ದಾಗ, ನನ್ನ ಪಾತ್ರದ ಉಗ್ರಾಣ ತುಂಬಿಟ್ಟಿದ್ದೆ. ನಾಣ್ಯ ಒಂದೇ ಚೀಲಕ್ಕೆ ಬಿದ್ದಿತ್ತು, ಸರಕು ಬಿದ್ದಿರಲಿಲ್ಲ. ಮೊದಲಿಗೇ ನಿಮಗೆ ಹೇಳಿದ್ದು ಇದನ್ನೇ.

ಇನ್ನು ವ್ಯಾಪಾರ. ಅಕ್ಕ ಮೀನು ಹಿಡಿಯಬೇಕು, ಆ ನಾಣ್ಯ ಕೂಡು ಚೀಲಕ್ಕೆ ಬೀಳುತ್ತದೆ. ಅದರಿಂದ ಅವಳು ನನ್ನ ಕಲ್ಲು ಕೊಂಡರೆ ನಾಣ್ಯ ಅದೇ ಚೀಲಕ್ಕೆ ವಾಪಸ್ ಬರುತ್ತದೆ, ಪೇಟೆಯವನ ಪಾಲು ಮುರಿದುಕೊಂಡು. ಅಂದರೆ ದರ ಎಷ್ಟು ಕಡಿಮೆಯೋ ನಮಗೆ ಅಷ್ಟು ಉಳಿತಾಯ. ಮಾರುವವನಿಗೂ ಕಡಿಮೆ ದರವೇ ಬೇಕಾದ ವ್ಯಾಪಾರವನ್ನು ನಾನು ಅದೇ ಮೊದಲು ಕಂಡದ್ದು. ಈ ಗುಟ್ಟನ್ನು ಅಕ್ಕನಿಗೆ ಹೇಳಲಿಲ್ಲ. ತುಟ್ಟಿ ದರ ಹೇಳಿ ಕೂತೆ. ಅವಳು ಎಳೆದಳು, ನಾನು ನಿಟ್ಟುಸಿರು ಬಿಟ್ಟೆ. ಅವಳು ಒಡಹುಟ್ಟಿದವರ ಮಾತು ತೆಗೆದಳು, ನಾನು ಇನ್ನೊಂದು ನಿಟ್ಟುಸಿರು ಬಿಟ್ಟೆ. ಕಡೆಗೆ ಕಲ್ಲಿಗೆ ಒಂದು ಮೀನಿನ ಬೆಲೆಗೆ ಬಂದು ನಿಂತೆವು. ಇಷ್ಟು ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ನನಗೆ ಒಂದು ದೊಡ್ಡ ಡಬ್ಬಿ ಗುರೆಳ್ಳು ಚಟ್ನಿ ಕಳಿಸಬೇಕು ಎಂದು ಒಪ್ಪಿಸಿಕೊಂಡೆ. ಅವಳ ಕೈಯ ಗುರೆಳ್ಳು ಚಟ್ನಿ ಯಾವ ನಾಣ್ಯಕ್ಕೂ ಸಿಗುವಂಥದ್ದಲ್ಲ.

ದಿನಾ ಮಧ್ಯಾಹ್ನ ಹಿಡಿದ ಮೀನಿಗೆ ದಿನಾ ಸಂಜೆ ಕಲ್ಲು. ಚೀಲಕ್ಕೆ ವಾಪಸ್ ಬಂದ ನಾಣ್ಯಕ್ಕೆ ನಾನು ಅದೇ ಸಂಜೆ ಗಿಡಮೂಲಿಕೆ ಕೊಂಡಿಡುತ್ತಿದ್ದೆ, ಮರುದಿನ ಬೆಳಿಗ್ಗೆ ಅಳಿಯ ಬಂದು ನೋಡಿದರೆ ಚೀಲ ಖಾಲಿ. ಹೀಗೆ ಕಟ್ಟೆ ಎದ್ದಿತು. ಅದು ಪೂರ್ತಿಯಾದ ಸಂಜೆ ನನ್ನ ಬಡಕಲು ವ್ಯಾಪಾರಿ ಹೋಗಿ ಅದರ ಮೇಲೆ ಕೂತ. ಮನೆ ಖಾತೆಯದು, ಯಾರು ಬೇಕಾದರೂ ಕೂಡ್ರಬಹುದು. ಕತ್ತಿವೀರ ಬೆಳಿಗ್ಗೆಯೇ ಬಂದು, ಆಕಳನ್ನು ಬಿಚ್ಚಿ, ಅದರ ಗೂಟಕ್ಕೆ ತನ್ನ ಕುದುರೆ ಕಟ್ಟಿ ಹೋಗಿದ್ದ. ಎದುರಿಗೆ ಹೊಳೆ ಹರಿಯುತ್ತಿತ್ತು, ಚೆನ್ನಾಗಿಯೇ ಹರಿಯುತ್ತಿತ್ತು.

ಅದೇ ವಾರ ಹಾವೇರಿಯಿಂದ ಬಸ್ಸಿಗೆ ಹಾಕಿದ ಡಬ್ಬಿ ನನ್ನ ಕೈ ಸೇರಿತು. ಮುಚ್ಚಳ ತೆಗೆದರೆ ಅರ್ಧ. ದಾರಿಯಲ್ಲಿ ಯಾರೋ ತೆಗೆದರೆಂದು ಅಕ್ಕನಿಗೆ ಫೋನು ಹಚ್ಚಿ ಕಂಡಕ್ಟರನನ್ನು ಬಯ್ಯಲು ಶುರುಮಾಡಿದೆ.

"ಆ ಕಂಡಕ್ಟರಪ್ಪಗ ಯಾಕ ಬೈತಿ?" ಅಂದಳು. "ಕಲ್ಲಿನ ದರ ಇಳಿದ್ರ ಯಾರಿಗೆ ಉಳೀತೈತಿ ಅಂತ ನನ್ನ ಮಗ ಹೇಳ್ಯಾನ. ಅದಕ್ಕ ಡಬ್ಬ್ಯಾಗ ಪ್ಯಾಟಿಯವನ ಪಾಲು ಮುರಕೊಂಡೇನಿ."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವಳು ಫೋನು ಇಡಲಿಲ್ಲ.

"ಅದಿರಲಿ. ಕಟ್ಟೀ ಮ್ಯಾಲೆ ಕುಂತೀಯಂತಲ್ಲ. ಚಪ್ಪಲಿ ಕಳದಿದ್ದೇನು?"